ನಾಲ್ಕು ಪೇಷೆಂಟ್, ನೋಡೋರು ಇಬ್ಬರೇ: ಮೊದಲು ಯಾರ ಹತ್ರ ಹೋಗ್ಬೇಕು?

ಥರ್ಡ್_ಇಯರ್_ಹುಡುಗಿ:
ಎಲ್ರಿಗೂ ನಮಸ್ಕಾರ. ಬಿಎಸ್ಸಿ ನರ್ಸಿಂಗ್ ಐದನೇ ಸೆಮ್. ಕ್ಲಾಸಲ್ಲಿ ಮೇಡಂ ಒಂದು ಪ್ರಶ್ನೆ ಕೊಟ್ಟಿದಾರೆ, ಅದರ ಮೇಲೆ ಹಾಸ್ಟೆಲ್‌ನಲ್ಲಿ ದೊಡ್ಡ ಜಗಳ ನಡೀತಿದೆ, ಅದಕ್ಕೆ ಇಲ್ಲಿ ಹಾಕ್ತಿದೀನಿ.

ಮೇಲ್ ಮೆಡಿಕಲ್ ವಾರ್ಡ್, ಬೆಳಿಗ್ಗೆ ಎಂಟು ಗಂಟೆ, ಹ್ಯಾಂಡ್‌ಓವರ್ ಈಗಷ್ಟೇ ಮುಗೀತು. ನೀವು, ನಿಮ್ಮ ಜೊತೆ ಇನ್ನೊಬ್ಬ ಸ್ಟೂಡೆಂಟ್. ನಾಲ್ಕು ಬೆಡ್.

ಬೆಡ್ 11: 24 ವರ್ಷ, ಡೆಂಗ್ಯೂ, ಜ್ವರ ಶುರುವಾಗಿ ಐದನೇ ದಿನ. ರಾತ್ರಿಯಿಂದ ಜ್ವರ ಬಿಟ್ಟಿದೆ, ಟೆಂಪರೇಚರ್ 98.2. ಬಿಪಿ 100/84, ಪಲ್ಸ್ 112, ಸ್ಯಾಚುರೇಶನ್ (ರಕ್ತದಲ್ಲಿ ಆಕ್ಸಿಜನ್ ಪ್ರಮಾಣ) 98. ಎರಡು ಸಲ ವಾಂತಿ, ಹೊಟ್ಟೆ ನೋವು ಸ್ವಲ್ಪ. ಮನೆಗೆ ಯಾವಾಗ ಕಳಿಸ್ತೀರಾ ಅಂತ ಕೇಳ್ತಿದಾನೆ.
ಬೆಡ್ 12: 62 ವರ್ಷ, ಹಳೇ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ), ನೇಸಲ್ ಪ್ರಾಂಗ್ಸ್‌ನಲ್ಲಿ 2 ಲೀಟರ್ ಆಕ್ಸಿಜನ್, ಸ್ಯಾಚುರೇಶನ್ 90. ಕೂತ್ಕೊಂಡು ಪೇಪರ್ ಓದ್ತಿದಾರೆ.
ಬೆಡ್ 13: 19 ವರ್ಷ, ಅಪೆಂಡಿಕ್ಸ್ ಆಪರೇಶನ್ ಆಗಿ ಒಂದು ದಿನ, ಸರ್ಜಿಕಲ್‌ನಲ್ಲಿ ಬೆಡ್ ಇಲ್ಲ ಅಂತ ಇಲ್ಲಿ ಹಾಕಿದಾರೆ. ನೋವು ಹತ್ತಕ್ಕೆ ಎಂಟು ಅಂತ ಕಿರುಚ್ತಿದಾನೆ, ಅವರಮ್ಮ ನರ್ಸಿಂಗ್ ಸ್ಟೇಷನ್ ಮುಂದೆ ಬಂದು ನಿಂತಿದಾರೆ.
ಬೆಡ್ 14: 55 ವರ್ಷ, ಶುಗರ್ ಪೇಷೆಂಟ್. ಇನ್ಸುಲಿನ್ ಹಾಕಿ ಆಗಿದೆ, ತಿಂಡಿ ಇನ್ನೂ ಬಂದಿಲ್ಲ. ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡೋ ಶುಗರ್) 64. ಬೆವರ್ತಿದಾರೆ, ಆದ್ರೆ ಮಾತಾಡ್ತಾರೆ.

ನಾನು 12 ಅಂದೆ, ಎಬಿಸಿ (ಏರ್‌ವೇ, ಬ್ರೀದಿಂಗ್, ಸರ್ಕ್ಯುಲೇಶನ್) ಪ್ರಕಾರ ಬ್ರೀದಿಂಗ್ ಮೊದಲು, 90 ಅಂದ್ರೆ ಕಡಿಮೆ ಅಲ್ವಾ. ರೂಮ್‌ಮೇಟ್ 14 ಅಂತಾಳೆ. 11 ಅಂತ ಒಬ್ರೂ ಹೇಳ್ಲಿಲ್ಲ, ಜ್ವರನೇ ಬಿಟ್ಟಿದೆಯಲ್ಲ. ಮೇಡಂ ಉತ್ತರ ಹೇಳ್ಲಿಲ್ಲ, ಸೋಮವಾರ ಕಾರಣದ ಸಮೇತ ಬರ್ಕೊಂಡು ಬನ್ನಿ ಅಂದ್ರು.

ಮಲ್ನಾಡ್_ಮಂಜು:
ಅಮ್ಮ ಸ್ಟೇಷನ್ ಮುಂದೆ ಬಂದು ನಿಂತಿದಾರೆ ಅಂದ್ಮೇಲೆ 13 ಬಿಟ್ಟು ಬೇರೆ ಚಾಯ್ಸ್ ಎಲ್ಲಿದೆ. ನಮ್ ವಾರ್ಡಲ್ಲಂತೂ ಯಾರ ಕಡೆಯವ್ರು ಜೋರಾಗಿ ಕೂಗ್ತಾರೋ ಅವರೇ ಫಸ್ಟ್ ಪ್ರಿಯಾರಿಟಿ 😀

ಎನ್‌ಕ್ಲೆಕ್ಸ್_ಮೇಷ್ಟ್ರು:
ಮಂಜು ತಮಾಷೆಗೆ ಹೇಳಿದ್ರೂ ನಿಜ ಹೇಳಿದ್ದಾರೆ, ಅದನ್ನೇ ಮುರೀಬೇಕು ಅಂತ ಇಂಥ ಪ್ರಶ್ನೆ ಕೊಡೋದು.

ಎಬಿಸಿ ತಪ್ಪಲ್ಲಮ್ಮ, ನೀನು ಹಚ್ಚಿದ ಜಾಗ ತಪ್ಪು. ಬಿ ಅಂದ್ರೆ ಶ್ವಾಸಕೋಶದ ಕಾಯಿಲೆ ಇರೋರು ಅಂತಲ್ಲ, ಈಗ ಉಸಿರಾಟ ಕೆಡ್ತಾ ಇರೋರು ಅಂತ. ಕಾರ್ಬನ್ ಡೈಆಕ್ಸೈಡ್ ಕೂಡಿಟ್ಕೊಳ್ಳೋ ಸಿಒಪಿಡಿ ಪೇಷೆಂಟ್‌ಗಳಿಗೆ ಟಾರ್ಗೆಟ್ ಸ್ಯಾಚುರೇಶನ್ನೇ 88ರಿಂದ 92. ಇವರು 90ರಲ್ಲಿ ಕೂತು ಪೇಪರ್ ಓದ್ತಿದಾರೆ. ನೀನು ಗಾಬರಿಯಾಗಿ 6 ಲೀಟರ್‌ಗೆ ಏರಿಸಿದ್ರೆ ನಂಬರ್ 98 ಆಗುತ್ತೆ, ಕಾರ್ಬನ್ ಡೈಆಕ್ಸೈಡ್ ಏರುತ್ತೆ, ಮಧ್ಯಾಹ್ನದ ಹೊತ್ತಿಗೆ ಅವರು ತೂಕಡಿಸ್ತಾ ಇರ್ತಾರೆ, ನೀನು ನಿದ್ದೆ ಮಾಡ್ತಿದಾರೆ ಅಂದ್ಕೊಂಡು ಮುಂದಿನ ಬೆಡ್‌ಗೆ ಹೋಗ್ತೀಯ.

ಪ್ರಿಯಾರಿಟಿ ಪ್ರಶ್ನೆ ನೋಡಿದ ತಕ್ಷಣ ಕಾಯಿಲೆ ಹೆಸರು ಬಿಟ್ಟು ಒಂದೇ ವಿಷಯ ಹುಡುಕು, ಯಾರಿಗೆ ಹೊಸದಾಗಿ ಏನೋ ಆಗ್ತಾ ಇದೆ ಮತ್ತೆ ಅದು ಆಗಬಾರದ್ದು. ಆಪರೇಶನ್ ಮಾರನೇ ದಿನ ನೋವು ಬರೋದೇ, ಸಿಒಪಿಡಿಗೆ 90 ಇರೋದೇ. ನನ್ನ ಉತ್ತರ 11.

ನೈಟ್‌ಡ್ಯೂಟಿ_ನಾಗವೇಣಿ:
ಮೇಷ್ಟ್ರೇ ಬೇಜಾರಾಗ್ಬೇಡಿ, ಕಾಗದದ ಮೇಲೆ ನಿಮ್ಮದು ಸರಿ. ವಾರ್ಡಲ್ಲಿ ನಾನು 14ಕ್ಕೆ ಹೋಗ್ತೀನಿ, ಯಾಕಂದ್ರೆ ಅದು ಒಂದು ನಿಮಿಷದ ಕೆಲಸ. ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಹಾಕಿ ಕದಡಿ ಕೊಡೋದು, ಮುಂದೆ ನಿಂತು ಕುಡಿಸೋದು, 15 ನಿಮಿಷಕ್ಕೆ ಮತ್ತೆ ಜಿಆರ್‌ಬಿಎಸ್ ನೋಡೋದು. ಈಗ ಮಾತಾಡ್ತಿದಾರೆ, ಇನ್ನು ಹತ್ತು ನಿಮಿಷ ಬಿಟ್ರೆ ಪ್ರಜ್ಞೆ ತಪ್ಪಬಹುದು, ಆಮೇಲೆ ಬಾಯಿಗೆ ಏನೂ ಕೊಡೋ ಹಾಗಿಲ್ಲ, ಐವಿ ಲೈನ್ ಹುಡುಕು, 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ತಾ ಅಂತ ಇಡೀ ವಾರ್ಡ್ ಓಡಾಡುತ್ತೆ.

ಇನ್ನೊಂದು, ಪ್ರಶ್ನೆಯಲ್ಲಿ ಇಬ್ರು ಇದೀರಾ ಅಂತ ಇದೆ, ಯಾರೂ ಅದನ್ನ ಓದೇ ಇಲ್ಲ ಅನ್ಸುತ್ತೆ. ಒಬ್ಳು ಸಕ್ಕರೆ ನೀರು ಕೊಡ್ಲಿ, ಇನ್ನೊಬ್ಳು 11ಕ್ಕೆ ಹೋಗ್ಲಿ. ಮತ್ತೆ ದಯವಿಟ್ಟು ಮಾರಿ ಬಿಸ್ಕೆಟ್ ಕೊಟ್ಟು ಬರಬೇಡಿ, ಅದು ಅಗಿದು ನುಂಗಿ ಅರಗಿ ಶುಗರ್ ಏರೋ ಅಷ್ಟರಲ್ಲಿ ಸಾಕುಸಾಕಾಗುತ್ತೆ. ಬಿಸ್ಕೆಟ್ಟು ತಿಂಡಿ ಎಲ್ಲ ಶುಗರ್ ಮೇಲೆ ಬಂದ್ಮೇಲೆ.

ಪಿಜಿ_ಮೆಡಿಸಿನ್:
ಮೆಡಿಸಿನ್ ಪಿಜಿ ಮಾಡ್ತಿದೀನಿ, ಈ ಥ್ರೆಡ್ ಯಾರೋ ಫಾರ್ವರ್ಡ್ ಮಾಡಿದ್ರು. ನಾಗವೇಣಿ ಸಿಸ್ಟರ್ ಹೇಳಿದ್ದು ಸರಿ, ಇಬ್ರು ಇದ್ರೆ 14 ಮತ್ತೆ 11 ಒಟ್ಟಿಗೆ. ಆದ್ರೆ 11ನ್ನ ಯಾರೂ ಹೇಳ್ಲಿಲ್ಲ ಅಂದ್ರಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

100/84 ಓದುವಾಗ ಎಲ್ರೂ ಮೇಲಿನ ನಂಬರ್ ಮಾತ್ರ ಓದ್ತಾರೆ. 100 ಇದೆ, ಸ್ವಲ್ಪ ಕಡಿಮೆ, ಪರವಾಗಿಲ್ಲ. ಕೆಳಗಿಂದು ಕಳೆದು ನೋಡಿ. 16. ಇದು ಪಲ್ಸ್ ಪ್ರೆಷರ್. ಡೆಂಗ್ಯೂನಲ್ಲಿ ಇದು 20 ಅಥವಾ ಅದಕ್ಕಿಂತ ಕೆಳಗೆ ಬಂತು ಅಂದ್ರೆ ಶಾಕ್ (ಅಂಗಗಳಿಗೆ ಸಾಕಷ್ಟು ರಕ್ತ ಹೋಗದ ಸ್ಥಿತಿ) ಶುರುವಾಗಿದೆ ಅಂತ. ರಕ್ತನಾಳದಿಂದ ಪ್ಲಾಸ್ಮಾ ಹೊರಗೆ ಸೋರ್ತಾ ಇದೆ, ದೇಹ ನಾಳಗಳನ್ನ ಬಿಗಿ ಹಿಡಿದು ಬಿಪಿ ಬೀಳದ ಹಾಗೆ ನೋಡ್ಕೊಳ್ತಿದೆ, ಅದಕ್ಕೇ ಕೆಳಗಿನ ನಂಬರ್ ಮೇಲಕ್ಕೆ ಬಂದಿರೋದು, ಪಲ್ಸ್ ಓಡ್ತಿರೋದು. ಸಿಸ್ಟೋಲಿಕ್, ಅಂದ್ರೆ ಮೇಲಿನ ನಂಬರ್, ಬೀಳೋದು ಕೊನೆಗೆ, ಅದು ಬಿದ್ದಾಗ ಕೈಯಲ್ಲಿ ಟೈಮ್ ಇರಲ್ಲ.

ಜ್ವರ ಬಿಟ್ಟಿದ್ದು ಒಳ್ಳೇದು ಅಂತ ಮನೆಯವ್ರು ಖುಷಿ ಪಡ್ತಾರೆ, ಆದ್ರೆ ಡೆಂಗ್ಯೂನಲ್ಲಿ ಮೂರನೇ ದಿನದಿಂದ ಏಳನೇ ದಿನದ ಒಳಗೆ, ಜ್ವರ ಇಳಿಯೋ ಹೊತ್ತಲ್ಲೇ ಕ್ರಿಟಿಕಲ್ ಫೇಸ್ ಶುರುವಾಗೋದು, 24ರಿಂದ 48 ಗಂಟೆ ಇರುತ್ತೆ. ಬೇರೆ ವೈರಲ್ ಫೀವರ್‌ನಲ್ಲಿ ಜ್ವರ ಬಿಟ್ರೆ ಹುಷಾರಾದ ಹಾಗೆ, ಇಲ್ಲಿ ಜ್ವರ ಬಿಟ್ರೆ ಇನ್ನೂ ಹುಷಾರಾಗಿ ನೋಡ್ಬೇಕು. ಇನ್ನೊಂದು ಮೋಸ ಏನಂದ್ರೆ ಶಾಕ್‌ನಲ್ಲೂ ಈ ಪೇಷೆಂಟ್‌ಗಳು ಚೆನ್ನಾಗಿ ಮಾತಾಡ್ತಾನೇ ಇರ್ತಾರೆ. ಮನೆಗೆ ಯಾವಾಗ ಅಂತ ಕೇಳ್ತಿರೋ ಹುಡುಗನ ಕೈ ಮುಟ್ಟಿ ನೋಡಿ, ತಣ್ಣಗಿದ್ರೆ, ಉಗುರು ಒತ್ತಿ ಬಿಟ್ಟಾಗ ಬಣ್ಣ ವಾಪಸ್ ಬರೋಕೆ ಎರಡು ಸೆಕೆಂಡ್‌ಗಿಂತ ಜಾಸ್ತಿ ತಗೊಂಡ್ರೆ ಅವನನ್ನ ಮನೆಗಲ್ಲ ಐಸಿಯುಗೆ ಕಳಿಸೋ ಬಗ್ಗೆ ಯೋಚನೆ ಮಾಡ್ಬೇಕು.

ಥರ್ಡ್_ಇಯರ್_ಹುಡುಗಿ:
ಸರ್ ಥ್ಯಾಂಕ್ಯೂ. ಪಲ್ಸ್ ಪ್ರೆಷರ್ ಫಸ್ಟ್ ಇಯರ್‌ನಲ್ಲಿ ಎರಡು ಮಾರ್ಕ್ಸ್ ಪ್ರಶ್ನೆಗೆ ಬಾಯಿಪಾಠ ಮಾಡಿದ್ದು, ನಾರ್ಮಲ್ 40 ಅಂತ. ವಾರ್ಡಲ್ಲಿ ಯಾರೂ ಕಳೆದು ನೋಡಿದ್ದನ್ನ ನಾನು ನೋಡಿಲ್ಲ. ಬೆಡ್ 11ರ ಪ್ಲೇಟ್‌ಲೆಟ್ ಎಷ್ಟು ಅಂತ ಪ್ರಶ್ನೆಯಲ್ಲಿ ಕೊಟ್ಟೇ ಇಲ್ಲ, ಅದು ಬೇಡ್ವಾ?

ಪಿಜಿ_ಮೆಡಿಸಿನ್:
ಈಗಿನ ನಿರ್ಧಾರಕ್ಕೆ ಬೇಡ. ಬೇಕಾಗಿರೋದು ಹೆಮಟೊಕ್ರಿಟ್, ಅಂದ್ರೆ ಪಿಸಿವಿ, ರಕ್ತದಲ್ಲಿ ಕೆಂಪು ಕಣಗಳ ಪಾಲು. ಅಡ್ಮಿಶನ್ ದಿನ 40 ಇದ್ದಿದ್ದು ಈಗ 48 ಆಗಿದ್ರೆ 20 ಪರ್ಸೆಂಟ್ ಏರಿದೆ, ರಕ್ತ ಗಟ್ಟಿಯಾಗ್ತಿದೆ, ಸೋರಿಕೆ ಜೋರಾಗಿದೆ ಅಂತ ಅರ್ಥ. ಒಂದೇ ರಿಪೋರ್ಟ್‌ನಲ್ಲಿ ಪ್ಲೇಟ್‌ಲೆಟ್‌ಗೆ ಕೆಂಪು ಗೆರೆ ಹಾಕಿರ್ತಾರೆ, ಅದರ ಮೇಲಿನ ಸಾಲಲ್ಲಿರೋ ಪಿಸಿವಿನ ಯಾರೂ ನೋಡಿರಲ್ಲ.

ಸುಮ್ನೆ_ಬಂದೋನು:
ನಾನು ನರ್ಸ್ ಅಲ್ಲ, ನನ್ನ ತಂಗಿ ನರ್ಸಿಂಗ್ ಓದ್ತಿದಾಳೆ, ಅವಳು ಕಳಿಸಿದ್ದು. 2024ರಲ್ಲಿ ನಮ್ಮ ಸರ್ಕಾರ ಡೆಂಗ್ಯೂನ ಎಪಿಡೆಮಿಕ್ ಅಂತ ನೋಟಿಫೈ ಮಾಡ್ತಲ್ಲ, ಆ ಮಳೆಗಾಲದಲ್ಲಿ ನಮ್ಮ ಮನೇಲೂ ಒಬ್ರು ಅಡ್ಮಿಟ್ ಆಗಿದ್ರು. ಇಡೀ ವಾರ್ಡಲ್ಲಿ ಎಲ್ಲರ ಬಾಯಲ್ಲೂ ಪ್ಲೇಟ್‌ಲೆಟ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು. ಪಪ್ಪಾಯಿ ಎಲೆ ರಸ ಬಾಟಲಿಲಿ ತಂದು ಮಂಚದ ಕೆಳಗೆ ಇಟ್ಕೊಂಡಿದ್ರು. ಒಬ್ಬ ಸ್ಟೂಡೆಂಟ್ ಹುಡುಗಿ ಮಾತ್ರ ಬಂದು ಬಂದು ಮೂತ್ರ ಮಾಡಿದ್ರಾ, ಎಷ್ಟು ಹೊತ್ತಾಯ್ತು, ಯಾವ ಬಣ್ಣ ಅಂತ ಕೇಳೋಳು, ನಮಗೆ ಕಿರಿಕಿರಿ ಆಗೋದು. ಈಗ ಗೊತ್ತಾಯ್ತು ಯಾಕೆ ಕೇಳ್ತಿದ್ಲು ಅಂತ.

ಲೀಡ್ಸ್_ಕನ್ನಡತಿ:
ಆ ಹುಡುಗಿಗೆ ಒಂದು ನಮಸ್ಕಾರ. ಮೂತ್ರ ಗಂಟೆಗೆ ಕೆಜಿಗೆ ಅರ್ಧ ಎಂಎಲ್ ಆದ್ರೂ ಬರ್ತಿದೆಯಾ ಅನ್ನೋದು ಕಿಡ್ನಿಗೆ ರಕ್ತ ಹೋಗ್ತಿದೆಯಾ ಅನ್ನೋದಕ್ಕೆ ಸಾಕ್ಷಿ.

ನಾನು ಹಾಸನ ಜಿಲ್ಲೆಯವಳು, ಈಗ ಯುಕೆನಲ್ಲಿ ಬ್ಯಾಂಡ್ 5 (ಸ್ಟಾಫ್ ದರ್ಜೆ) ನರ್ಸ್. ಇಲ್ಲಿ ನ್ಯೂಸ್2 ಅಂತ ಪೇಷೆಂಟ್ ಕೆಡ್ತಿದಾರಾ ನೋಡೋ ಒಂದು ಸ್ಕೋರ್ ಇದೆ, ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ್ದು. ಪ್ರತಿ ವೈಟಲ್‌ಗೂ 0ರಿಂದ 3 ಪಾಯಿಂಟ್, ಆಕ್ಸಿಜನ್ ಹಾಕಿದ್ರೆ ಅದಕ್ಕೇ 2. ಒಟ್ಟು 5 ಆದ್ರೆ ಡಾಕ್ಟರ್ ಬೇಗ ಬಂದು ನೋಡ್ಬೇಕು, 7 ಆದ್ರೆ ಎಮರ್ಜೆನ್ಸಿ. ನಿಮ್ಮ ಬೆಡ್ 11ಕ್ಕೆ ಹಾಕಿ ನೋಡ್ದೆ. ಪಲ್ಸ್ 112ಕ್ಕೆ 2, ಸಿಸ್ಟೋಲಿಕ್ 100ಕ್ಕೆ 2, ಸ್ಯಾಚುರೇಶನ್ ಟೆಂಪರೇಚರ್ ಪ್ರಜ್ಞೆ ಎಲ್ಲ ಸೊನ್ನೆ. ನಾಲ್ಕಾಯ್ತು. ಅಲ್ಲಿಗೆ ನಿಂತೆ, ಯಾಕಂದ್ರೆ ನಿಮ್ಮ ಪ್ರಶ್ನೆಯಲ್ಲಿ ಒಬ್ಬ ಪೇಷೆಂಟ್‌ಗೂ ರೆಸ್ಪಿರೇಟರಿ ರೇಟ್ (ಆರ್‌ಆರ್, ನಿಮಿಷಕ್ಕೆ ಎಷ್ಟು ಉಸಿರು) ಕೊಟ್ಟಿಲ್ಲ!! ನಿಮ್ಮ ಮೇಡಂ ಬೇಕು ಅಂತಲೇ ಬಿಟ್ಟಿರಬೇಕು, ಯಾರು ಕೇಳ್ತಾರೆ ನೋಡೋಣ ಅಂತ.

ಆರ್‌ಆರ್ 18 ಅಂತ ಬರೆದ್ರೆ ಸ್ಕೋರ್ 4, ಯಾರೂ ಓಡಿ ಬರಲ್ಲ. ನಿಜವಾಗಿ ಎಣಿಸಿ 22 ಬಂದ್ರೆ ಇನ್ನೆರಡು ಸೇರಿ 6, ಡಾಕ್ಟರ್ ಬರಲೇಬೇಕು. ಊರಲ್ಲಿ ನಾವು ಸ್ಟೂಡೆಂಟ್ಸ್ ಆಗಿದ್ದಾಗ ಟಿಪಿಆರ್ (ಟೆಂಪರೇಚರ್, ಪಲ್ಸ್, ಉಸಿರು) ಚಾರ್ಟ್‌ನಲ್ಲಿ ಇಡೀ ವಾರ್ಡ್ 20 ಸಲ ಉಸಿರಾಡೋದು, ನೆನಪಿದೆಯಾ ಯಾರಿಗಾದ್ರೂ?

ಮಲ್ನಾಡ್_ಮಂಜು:
ಈಗಲೂ ಹಾಗೇ ಇದೆ ಅಕ್ಕ. ಡೌಟ್ ಬಂದ್ರೆ ಒಬ್ಬರಿಗೆ 18, ಒಬ್ಬರಿಗೆ 22, ನ್ಯಾಚುರಲ್ ಆಗಿ ಕಾಣ್ಲಿ ಅಂತ.

ನೈಟ್‌ಡ್ಯೂಟಿ_ನಾಗವೇಣಿ:
ಮಂಜು, ನಗೋ ವಿಷಯ ಅಲ್ಲಪ್ಪ. ಪಲ್ಸ್ ನೋಡೋ ಹಾಗೆ ಕೈ ಹಿಡ್ಕೊಂಡೇ ಇರು, ಮೊದಲ ನಿಮಿಷ ಪಲ್ಸ್, ಕೈ ಬಿಡದೆ ಎರಡನೇ ನಿಮಿಷ ಎದೆ ಏರೋದು ಇಳಿಯೋದು ಎಣಿಸು. ಉಸಿರು ಎಣಿಸ್ತೀನಿ ಅಂತ ಹೇಳ್ಬೇಡ, ಹೇಳಿದ್ರೆ ಅವರು ಉಸಿರಾಡೋ ರೀತಿನೇ ಬದಲಾಗುತ್ತೆ. ಕೈ ಹಿಡ್ಕೊಂಡಿರೋದ್ರಿಂದ ತಣ್ಣಗಿದೆಯೋ ಬೆಚ್ಚಗಿದೆಯೋ, ಬೆವರಿದೆಯೋ ಅಂತ ಬಿಟ್ಟಿಯಾಗಿ ಗೊತ್ತಾಗುತ್ತೆ.

ಲೀಡ್ಸ್_ಕನ್ನಡತಿ:
ಕರೆಕ್ಟ್. ಈಗ ಅದೇ ಸ್ಕೋರ್‌ನ ಇನ್ನೆರಡು ಬೆಡ್‌ಗೆ ಹಾಕಿ ನೋಡಿ, ಅದರ ಮಿತಿನೂ ಗೊತ್ತಾಗುತ್ತೆ. ಬೆಡ್ 12ಕ್ಕೆ ಮಾಮೂಲಿ ಸ್ಕೇಲ್‌ನಲ್ಲಿ ಸ್ಯಾಚುರೇಶನ್ 90ಕ್ಕೆ 3, ಆಕ್ಸಿಜನ್‌ಗೆ 2, ಬೇರೆಲ್ಲ ನಾರ್ಮಲ್ ಇದ್ರೂ 5. ಅದೇ ಸಿಒಪಿಡಿಯವರಿಗೆ ಅಂತ ಎರಡನೇ ಸ್ಕೇಲ್ ಇದೆ, ಅದರಲ್ಲಿ 88ರಿಂದ 92ಕ್ಕೆ ಸೊನ್ನೆ, ಒಟ್ಟು ಬರೀ 2. ಆದ್ರೆ ಸಿಒಪಿಡಿ ಅಂದ ತಕ್ಷಣ ನಾವೇ ಎರಡನೇ ಸ್ಕೇಲ್ ಹಾಕೋ ಹಾಗಿಲ್ಲ, ಕಾರ್ಬನ್ ಡೈಆಕ್ಸೈಡ್ ಏರೋ ಪೇಷೆಂಟ್ ಅಂತ ಎಬಿಜಿ (ಅಪಧಮನಿ ರಕ್ತದ ಗ್ಯಾಸ್) ಟೆಸ್ಟ್‌ನಲ್ಲಿ ಗೊತ್ತಾಗಿ ಡಾಕ್ಟರ್ ಬರೆದಿರಬೇಕು. ಅದಕ್ಕೆ 12ಕ್ಕೆ ಹೋದಾಗ ಕೇಳಬೇಕಾದ ಪ್ರಶ್ನೆ, ಇವರ ಟಾರ್ಗೆಟ್ ಎಷ್ಟು ಅಂತ ಕೇಸ್‌ಶೀಟ್‌ನಲ್ಲಿ ಬರೆದಿದೆಯಾ?

ಬೆಡ್ 14ಕ್ಕೆ ಸ್ಕೋರ್ ಒಂದೋ ಸೊನ್ನೆಯೋ ಬರುತ್ತೆ. ನ್ಯೂಸ್2ನಲ್ಲಿ ಶುಗರ್ ಇಲ್ವೇ ಇಲ್ಲ. ಸ್ಕೋರ್ ನೋಡ್ಕೊಂಡು ಕೂತ್ರೆ ಬೆವರ್ತಿರೋ ಮನುಷ್ಯ ನಾರ್ಮಲ್. ಇಲ್ಲಿನ ಹೊಸ ನರ್ಸ್‌ಗಳಲ್ಲಿ ನಾನು ನೋಡೋ ತೊಂದರೆನೇ ಇದು, ಟ್ಯಾಬ್ಲೆಟ್ ಸ್ಕ್ರೀನ್‌ನಲ್ಲಿ ಹಸಿರು ಬಂತಾ, ಮುಗೀತು.

ಹಾವೇರಿ_ಬ್ರದರ್:
ಇಷ್ಟೊತ್ತು ಸುಮ್ನ ಓದ್ಕೋತ ಕುಂತಿದ್ದೆ. ಎಲ್ಲಾ ಛಲೋ ಹೇಳೀರಿ, ಆದ್ರ ನಾಲ್ಕು ಪೇಷೆಂಟ್ ಎಲ್ಲಿ ಸಿಗ್ತಾವ್ರೀ ನಮಗ? ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿ ತಾಲ್ಲೂಕ್ ಆಸ್ಪತ್ರಿಯೊಳಗ ಅದೀನಿ, ಮಳಿಗಾಲದಾಗ ನೆಲದ ಮ್ಯಾಲ ಹಾಸ್ಕೊಂಡು ಮಲಗಿರ್ತಾರ ಮಂದಿ. ಸ್ಕೋರ್ ಹಾಕಾಕ ಪುರ್‌ಸೊತ್ತಿಲ್ಲ.

ನಾ ಮಾಡೋದು ಹೇಳ್ತೀನಿ ಕೇಳ್ರಿ. ಡ್ಯೂಟಿಗೆ ಬಂದಕೂಡ್ಲೇ ಕುರ್ಚಿ ಮ್ಯಾಲ ಕುಂದ್ರಂಗಿಲ್ಲ, ಒಂದು ಸುತ್ತು ಬರೇ ನೋಡ್ಕೋತ ಅಡ್ಡಾಡ್ತೀನಿ. ಯಾರು ಉಸಿರಾಡಾಕ ಹೆಗಲು ಎತ್ತಿ ಎತ್ತಿ ಇಳಸಾಕತ್ತ್ಯಾರ, ಯಾರು ನಿನ್ನೆ ಎದ್ದು ಕುಂತಿದ್ದಾವ್ರು ಇವತ್ತು ಗ್ವಾಡಿ ಕಡಿ ಹೊಳ್ಳಿ ಮಲಗ್ಯಾರ, ಯಾರ ಊಟದ ಪ್ಲೇಟ್ ಹಂಗ ಐತಿ. ಚೀರೋ ಪೇಷೆಂಟಿಗೆ ಏರ್‌ವೇ ಛಲೋ ಐತಿ ಅಂತ ಅಷ್ಟರೊಳಗ ಗೊತ್ತಾಗ್ತೈತಿ, ಸುಮ್ನಾದವ್ರ ಕಡಿ ಮೊದ್ಲು ಹೋಗ್ಬೇಕು.

ಇನ್ನೊಂದು ಇವರ ಬುಕ್ಕಿನಾಗ ಕಡಿಮಿ ಇರ್ತೈತಿ. ಬೆಳಗಿನ ಜಾವ ಹೊಲದಾಗಿನ ಗುಡಿಸಲದಿಂದ ಹೊಟ್ಟಿ ನೋವು ಅಂತ ಬರ್ತಾರ, ನೆಲದ ಮ್ಯಾಲ ಮಲಗಿದ್ದವ್ರು. ಎಲ್ಲಾರೂ ಗ್ಯಾಸ್ ಅಂತಾರ. ಅವಾಗ ನಾ ಕಣ್ಣಿನ ರೆಪ್ಪಿ ನೋಡ್ತೀನಿ. ರೆಪ್ಪಿ ಭಾರ ಆಗ್ಯಾವ, ಮ್ಯಾಲ ನೋಡು ಅಂದ್ರ ಪೂರಾ ತೆರಿಯಾಕ ಆಗವಲ್ದು, ದಿಂಬಿನಿಂದ ತಲಿ ಎತ್ತಾಕ ಆಗವಲ್ದು, ಅಂದ್ರ ಅದು ಕಟ್ಟುಹಾವು ಕಡದಿರಬಹುದು. ಕಡದ ಗುರ್ತು ಕಾಣಂಗಿಲ್ಲ, ಬಾವು ಬರಂಗಿಲ್ಲ, ನಿದ್ದಿಯೊಳಗ ಕಡದ್ರ ಅವ್ರಿಗೂ ಗೊತ್ತಿರಂಗಿಲ್ಲ. ಅಂಥವ್ರಿಗೆ ಉಸಿರು ಯಾವಾಗ ನಿಲ್ತೈತಿ ಹೇಳಾಕ ಬರಂಗಿಲ್ಲ. ಡಾಕ್ಟ್ರಿಗೆ ಫೋನ್ ಹಚ್ಚಿ, ಆಂಬು ಬ್ಯಾಗ್ (ಕೈಲೆ ಒತ್ತಿ ಉಸಿರು ಕೊಡೋ ಚೀಲ) ತಂದು ಬಾಜೂಕ ಇಟ್ಕೋಬೇಕು, ಎಎಸ್‌ವಿ (ಹಾವಿನ ವಿಷಕ್ಕ ಕೊಡೋ ಔಷಧಿ) ಎಷ್ಟು ವಯಲ್ ಸ್ಟಾಕ್ ಐತಿ ನೋಡ್ಕೋಬೇಕು. ಇಪ್ಪತ್ತು ನಿಮಿಷದ ಕ್ಲಾಟಿಂಗ್ ಟೆಸ್ಟ್ (ರಕ್ತ ಹೆಪ್ಪುಗಟ್ಟತೈತೋ ಇಲ್ಲೋ ನೋಡೋದು) ನಾರ್ಮಲ್ ಬಂತು ಅಂತ ಹಾವು ಅಲ್ಲ ಅನಬ್ಯಾಡ್ರಿ, ಅದು ಮಂಡಲದ ಹಾವಿಗೆ ಉಪಯೋಗ, ಕಟ್ಟುಹಾವಿನ ವಿಷ ನರಕ್ಕ ಹೋಗೋದು.

ಥರ್ಡ್_ಇಯರ್_ಹುಡುಗಿ:
ಇದೆಲ್ಲ ಓದಿ ತಲೆ ತಿರುಗ್ತಿದೆ, ಆದ್ರೆ ಖುಷಿನೂ ಆಗ್ತಿದೆ. ನನ್ನ ನಿಜವಾದ ಕಷ್ಟ ಇನ್ನೊಂದಿದೆ. ನನಗೆ ಏನೋ ಸರಿ ಇಲ್ಲ ಅಂತ ಅನ್ಸುತ್ತೆ ಅಂದ್ಕೊಳ್ಳಿ. ಸ್ಟಾಫ್ ಸಿಸ್ಟರ್‌ಗೆ ಹೇಳಿದ್ರೆ ನೀನು ಹೋಗಿ ಬೆಡ್ ಮೇಕಿಂಗ್ ಮುಗ್ಸು ಅಂತಾರೆ. ಡ್ಯೂಟಿ ಡಾಕ್ಟರ್ ಹತ್ರ ನೇರವಾಗಿ ಹೋದ್ರೆ ನಿಮ್ಮ ಇನ್‌ಚಾರ್ಜ್ ಎಲ್ಲಿ ಅಂತಾರೆ. ಸ್ಟೂಡೆಂಟ್ ಮಾತಿಗೆ ಬೆಲೆ ಎಲ್ಲಿದೆ?

ಖಡಕ್_ಸಿಸ್ಟರ್:
ಎಲ್ರೂ ಸಿಹಿ ಮಾತಾಡ್ತಿದೀರಾ, ನಾನು ಸ್ವಲ್ಪ ಖಾರ ಹೇಳ್ತೀನಿ. ಹದಿನೈದು ಜನ ಸ್ಟೂಡೆಂಟ್ಸ್ ಬಂದು ಒಬ್ಬೊಬ್ಬರೂ ಸಿಸ್ಟರ್ ಆ ಪೇಷೆಂಟ್ ಒಂಥರಾ ಇದಾರೆ, ಈ ಪೇಷೆಂಟ್ ಒಂಥರಾ ಇದಾರೆ ಅಂದ್ರೆ ನಾವು ಯಾರ ಮಾತು ಕೇಳೋಣ? ಒಂಥರಾ ಅಂದ್ರೆ ಏನು? ನಂಬರ್ ಹೇಳಿ ಬನ್ನಿ. ಕೇರ್ ಪ್ಲಾನ್‌ನಲ್ಲಿ ಮಾತ್ರ ರಿಸ್ಕ್ ಫಾರ್ ಫ್ಲೂಯಿಡ್ ವಾಲ್ಯೂಮ್ ಡೆಫಿಸಿಟ್ (ದೇಹದಲ್ಲಿ ನೀರು ಕಡಿಮೆಯಾಗೋ ಅಪಾಯ) ಅಂತ ಸೀನಿಯರ್ ಫೈಲ್ ನೋಡಿ ಚಂದ ಅಕ್ಷರದಲ್ಲಿ ಬರ್ದಿರ್ತೀರಾ, ಯೂರಿನ್ ಎಷ್ಟು ಹೋಯ್ತಮ್ಮ ಅಂದ್ರೆ ಮುಖ ಮುಖ ನೋಡ್ತೀರಾ.

ಪಿಜಿ_ಮೆಡಿಸಿನ್:
ಖಡಕ್ ಸಿಸ್ಟರ್ ಮಾತು ಖಾರ ಆದ್ರೂ ಅದರಲ್ಲೇ ಉತ್ತರ ಇದೆ. ರಾತ್ರಿ ಮೂರು ಗಂಟೆಗೆ ನನಗೆ ಬರೋ ಫೋನ್ ಹೀಗಿರುತ್ತೆ, ಸರ್ 11ನೇ ಬೆಡ್‌ಗೆ ಹೊಟ್ಟೆ ನೋವಂತೆ. ನನ್ನ ಬಾಯಿಂದ ತಾನಾಗೇ ಬರೋದು, ಪ್ಯಾನ್ (ಗ್ಯಾಸ್ ಔಷಧಿ) ಕೊಡಿ. ತಪ್ಪು ಇಬ್ಬರದೂ.

ಇದೇ ಫೋನ್ ಹೀಗೆ ಬಂದ್ರೆ: ಸರ್, ಮೇಲ್ ಮೆಡಿಕಲ್ ವಾರ್ಡಿಂದ, ಬೆಡ್ 11, ಡೆಂಗ್ಯೂ ಐದನೇ ದಿನ, ರಾತ್ರಿಯಿಂದ ಜ್ವರ ಇಲ್ಲ. ಈಗ ಬಿಪಿ 100/84, ಪಲ್ಸ್ ಪ್ರೆಷರ್ 16, ನಿನ್ನೆ ಸಂಜೆ 110/70 ಇತ್ತು. ಪಲ್ಸ್ 112, ಆರ್‌ಆರ್ 22, ಕೈಕಾಲು ತಣ್ಣಗಿದೆ, ಎರಡು ಸಲ ವಾಂತಿ, ಹೊಟ್ಟೆ ನೋವು, ರಾತ್ರಿ ಹನ್ನೊಂದರಿಂದ ಯೂರಿನ್ ಮಾಡಿಲ್ಲ. ಶಾಕ್‌ಗೆ ಹೋಗ್ತಿದಾರೆ ಅನ್ಸುತ್ತೆ, ನೀವು ಈಗಲೇ ಬಂದು ನೋಡಿ, ನೀವು ಬರೋ ಅಷ್ಟರಲ್ಲಿ ಪಿಸಿವಿಗೆ ಬ್ಲಡ್ ತೆಗೆದು ಇನ್ನೊಂದು ಲೈನ್ ಹಾಕಿರ್ಲಾ? ಇದನ್ನ ಕೇಳಿ ಹಾಸಿಗೇಲಿ ಮಲಗಿರೋ ಡಾಕ್ಟರ್ ಯಾರೂ ಇರಲ್ಲ, ಇದ್ರೆ ಅವರ ಸೀನಿಯರ್‌ಗೆ ಹೇಳಿ.

ಎನ್‌ಕ್ಲೆಕ್ಸ್_ಮೇಷ್ಟ್ರು:
ಸರ್ ಹೇಳಿದ್ದಕ್ಕೆ ಎಸ್‌ಬಿಎಆರ್ ಅಂತಾರೆ, ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಏನು ಬೇಕು ಅಂತ ನಾಲ್ಕು ಭಾಗ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ ಹುಟ್ಟಿದ ಪದ್ಧತಿ, ಆಮೇಲೆ ಆಸ್ಪತ್ರೆಗೆ ಬಂತು. ಅದರಲ್ಲಿ ನಮ್ಮ ಮಕ್ಕಳು ಕೊನೇ ಭಾಗಕ್ಕೆ ಬಂದಾಗ ನಿಲ್ತಾರೆ, ಏನು ಬೇಕು ಅಂತ ಕೇಳೋಕೆ ಸಂಕೋಚ. ನೀವು ಬಂದು ನೋಡ್ಬೇಕು ಅನ್ನೋ ವಾಕ್ಯ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ, ನಾನು ಕ್ಲಾಸಲ್ಲಿ ಮಾಡಿಸ್ತೀನಿ.

2023ರ ಏಪ್ರಿಲ್‌ನಿಂದ ಎನ್‌ಕ್ಲೆಕ್ಸ್ (ಅಮೆರಿಕದಲ್ಲಿ ನರ್ಸ್ ಆಗೋಕೆ ಬರೆಯೋ ಲೈಸೆನ್ಸ್ ಪರೀಕ್ಷೆ) ಬದಲಾಗಿದ್ದೂ ಇದಕ್ಕೇ. ಮೊದಲೆಲ್ಲ ಹೆಚ್ಚಾಗಿ ಒಂದು ಪ್ರಶ್ನೆ ನಾಲ್ಕು ಆಪ್ಷನ್. ಈಗ ಅದರ ಜೊತೆ ಒಂದೇ ಪೇಷೆಂಟ್ ಮೇಲೆ ಆರು ಪ್ರಶ್ನೆ ಇರೋ ಕೇಸ್‌ಗಳೂ ಬರುತ್ತೆ. ಮೊದಲನೇದರಲ್ಲಿ ನರ್ಸಿಂಗ್ ನೋಟ್ಸ್ ಕೊಟ್ಟು ಇದರಲ್ಲಿ ಯಾವುದು ಗಮನಿಸಬೇಕಾದ್ದು ಗುರುತು ಹಾಕು ಅಂತಾರೆ, ಅದು ಏನು ಸೂಚಿಸುತ್ತೆ, ಯಾವ ತೊಂದರೆ ಮೊದಲು, ಏನೇನು ಮಾಡಬಹುದು, ಈಗ ಏನು ಮಾಡ್ತೀಯ ಅಂತ ಹೋಗಿ, ಕೊನೇಲಿ ಮಾಡಿದ್ದು ಕೆಲಸ ಮಾಡ್ತಾ ಅಂತ ಕೇಳ್ತಾರೆ. ಕೇರ್ ಪ್ಲಾನ್ ಕಾಪಿ ಹೊಡೆದೋರು ಮೊದಲನೇ ಪ್ರಶ್ನೆಯಲ್ಲೇ ಸಿಕ್ಕಿ ಬೀಳ್ತಾರೆ.

ಹೆರಿಗೆ_ವಾರ್ಡ್_ಅಕ್ಕ:
ಎಲ್ರೂ ಏನು ಮಾಡ್ಬೇಕು ಅಂತಿದೀರಾ, ಮಾಡದೇ ಇರೋದೂ ಒಂದು ನಿರ್ಧಾರ ಕಣ್ರೋ. ನಮ್ಮಲ್ಲಿ ಎಕ್ಲಾಂಪ್ಸಿಯಾ (ಬಸುರಲ್ಲಿ ಬಿಪಿ ಏರಿ ಫಿಟ್ಸ್ ಬರೋದು) ಕೇಸ್‌ಗೆ ಮ್ಯಾಗ್‌ಸಲ್ಫ್ (ಮೆಗ್ನೀಷಿಯಂ ಸಲ್ಫೇಟ್) ಹಾಕ್ತೀವಿ, ಲೋಡಿಂಗ್ ಡೋಸ್ ಆದ್ಮೇಲೆ ನಾಲ್ಕು ಗಂಟೆಗೊಂದು ಸಲ 5 ಗ್ರಾಂ ಇಂಟ್ರಾಮಸ್ಕ್ಯುಲರ್ (ಸ್ನಾಯುವಿಗೆ), ಒಂದು ಸಲ ಈ ಕಡೆ ಒಂದು ಸಲ ಆ ಕಡೆ. ಆರ್ಡರ್ ಬರೆದಿದೆ, ಟೈಮ್ ಆಯ್ತು, ಸಿರಿಂಜ್ ಲೋಡ್ ಮಾಡ್ಕೊಂಡು ಹೋಗಿ ಚುಚ್ಚೋದಲ್ಲ. ಚುಚ್ಚೋ ಮುಂಚೆ ಪ್ರತಿ ಸಲ ಮೊಣಕಾಲು ತಟ್ಟಿ ನೋಡ್ಬೇಕು, ಕಾಲು ಹಾರುತ್ತಾ. ಉಸಿರು ನಿಮಿಷಕ್ಕೆ 16 ಆದ್ರೂ ಇದೆಯಾ. ಯೂರಿನ್ ಬ್ಯಾಗ್‌ನಲ್ಲಿ ಹೋದ ನಾಲ್ಕು ಗಂಟೇಲಿ 100 ಎಂಎಲ್‌ಗಿಂತ ಮೇಲೆ ಬಂದಿದೆಯಾ, ಯಾಕಂದ್ರೆ ಮೆಗ್ನೀಷಿಯಂ ಹೊರಗೆ ಹೋಗೋ ದಾರಿ ಕಿಡ್ನಿ ಒಂದೇ. ಮೂರರಲ್ಲಿ ಒಂದು ಇಲ್ಲ ಅಂದ್ರೂ ಡೋಸ್ ಕೊಡಲ್ಲ, ಡಾಕ್ಟರ್‌ಗೆ ಫೋನ್. ಉಸಿರು ತೀರಾ ಕಡಿಮೆ ಆದ್ರೆ ಬೇಕಾಗೋ ಕ್ಯಾಲ್ಸಿಯಂ ಗ್ಲುಕೋನೇಟ್ 10 ಎಂಎಲ್ ಆಂಪ್ಯೂಲ್ ಆ ಟ್ರೇನಲ್ಲೇ ಇರ್ಬೇಕು, ಸ್ಟೋರ್ ರೂಮಲ್ಲಿ ಬೀಗ ಹಾಕಿ ಅಲ್ಲ.

ನಮ್ಮ ಸ್ಟೂಡೆಂಟ್ಸ್ ಕೇಳ್ತಾರೆ, ಅಕ್ಕಾ ಡಾಕ್ಟರ್ ಆರ್ಡರ್ ಇರುವಾಗ ಕೊಡ್ಲಿಲ್ಲ ಅಂದ್ರೆ ಬೈಯಲ್ವಾ ಅಂತ. ಯಾಕೆ ಕೊಡ್ಲಿಲ್ಲ ಅಂತ ಟೈಮ್ ಸಮೇತ ಬರೀರಿ, ಯಾರಿಗೆ ತಿಳಿಸಿದ್ರಿ ಅಂತ ಬರೀರಿ, ಯಾರು ಬೈತಾರೆ ನೋಡೋಣ. ಮತ್ತೆ ನೀವು ಸ್ಟೂಡೆಂಟ್ಸ್, ಒಬ್ಬರೇ ಯಾವ ಇಂಜೆಕ್ಷನ್ನೂ ಮುಟ್ಟೋ ಹಾಗಿಲ್ಲ, ಪಕ್ಕದಲ್ಲಿ ಸ್ಟಾಫ್ ಇರಲೇಬೇಕು.

ಸುಮ್ನೆ_ಬಂದೋನು:
ಮಧ್ಯೆ ಒಂದು ಪ್ರಶ್ನೆ. ಪೇಷೆಂಟ್ ಕಡೆಯವರು ಏನಾದ್ರೂ ಹೇಳಿದ್ರೆ ಅದಕ್ಕೆ ಬೆಲೆ ಇದೆಯಾ ನಿಮ್ಮ ಲೆಕ್ಕದಲ್ಲಿ? ಇವನು ದಿನಾ ಹೀಗಿರಲ್ಲ ಸಿಸ್ಟರ್ ಅಂದ್ರೆ ಹೊರಗೆ ಹೋಗಿ ಕೂತ್ಕೊಳ್ಳಿ ಅಂತಾರೆ.

ಲೀಡ್ಸ್_ಕನ್ನಡತಿ:
ಇದೆ, ಇರ್ಬೇಕು. ಇಂಗ್ಲೆಂಡಲ್ಲಿ ಮಾರ್ಥಾ ಮಿಲ್ಸ್ ಅಂತ 13 ವರ್ಷದ ಹುಡುಗಿ 2021ರಲ್ಲಿ ಸೆಪ್ಸಿಸ್‌ನಿಂದ ತೀರ್ಕೊಂಡ್ಲು. ಮಗಳು ಕೆಡ್ತಿದಾಳೆ ಅಂತ ಅಪ್ಪ ಅಮ್ಮ ಹೇಳ್ತಾನೇ ಇದ್ರು. ಅವರ ಹೋರಾಟದಿಂದ 2024ರಿಂದ ಮಾರ್ಥಾಸ್ ರೂಲ್ ಅಂತ ಬಂತು, ಮನೆಯವರಿಗೆ ಆತಂಕ ಆದ್ರೆ ಬೇರೆ ಟೀಮ್ ಬಂದು ನೋಡ್ಲಿ ಅಂತ ಅವರೇ ಕೇಳಬಹುದು. ನಮ್ಮ ಊರಲ್ಲಿ ಅಂಥ ರೂಲ್ ಇಲ್ದಿದ್ರೂ ಪೇಷೆಂಟ್‌ನ ಮೊನ್ನೆ ಹೇಗಿದ್ರು ಅಂತ ನೋಡಿರೋದು ಮನೆಯವರೇ, ನಾವಂತೂ ಮೂರು ಶಿಫ್ಟ್‌ಗೆ ಮೂರು ಮುಖ. ಮಂಕಾಗಿದಾನೆ ಅಂತ ಅಮ್ಮ ಅಂದ್ರೆ ನಾನು ಮೊದಲು ಪ್ರಜ್ಞೆ ಚೆಕ್ ಮಾಡ್ತೀನಿ, ಹೊಸದಾಗಿ ಗೊಂದಲ ಇದ್ರೆ ನ್ಯೂಸ್2ನಲ್ಲೂ ಅದೊಂದಕ್ಕೇ 3 ಪಾಯಿಂಟ್.

ಖಡಕ್_ಸಿಸ್ಟರ್:
ಹಾಗಂತ ಬೆಡ್ 13ರ ಅಮ್ಮನ್ನ ಯಾರೂ ಮರೀಬೇಡಿ, ಪಾಪ ಇನ್ನೂ ಸ್ಟೇಷನ್ ಮುಂದೆ ನಿಂತಿದಾರೆ. ನೋವು ಬರೋದೇ ಅಂತ ಮೇಷ್ಟ್ರು ಹೇಳಿದ್ರು, ನಾನು ಒಪ್ಪಲ್ಲ. ನೋವಿನ ಇಂಜೆಕ್ಷನ್ ಕೊನೇದು ಯಾವಾಗ ಹೋಯ್ತು, ಹೊಟ್ಟೆ ಹಲಗೆ ಥರ ಗಟ್ಟಿ ಇದೆಯಾ, ಡ್ರೆಸ್ಸಿಂಗ್ ಒದ್ದೆ ಇದೆಯಾ, ಯೂರಿನ್ ಮಾಡಿದಾನಾ, ಇದಿಷ್ಟು ನೋಡದೆ ಬರೋದೇ ಅನ್ನೋ ಹಾಗಿಲ್ಲ. ಯೂರಿನ್ ಕಟ್ಟಿ ಬ್ಲ್ಯಾಡರ್ ತುಂಬಿ ಕಿರುಚೋ ಹುಡುಗರನ್ನ ಎಷ್ಟು ನೋಡಿಲ್ಲ ನಾನು. ಎರಡನೇ ಸುತ್ತಲ್ಲಿ ಮೊದಲು ಅವನು. ಹೋಗೋ ಮುಂಚೆ ಅಮ್ಮನಿಗೆ ಐದು ನಿಮಿಷದಲ್ಲಿ ಬರ್ತೀನಿ ಅಂತ ಹೇಳಿ, ಹೇಳಿದ ಹಾಗೆ ಬನ್ನಿ.

ಎನ್‌ಕ್ಲೆಕ್ಸ್_ಮೇಷ್ಟ್ರು:
ಸರಿ ಸಿಸ್ಟರ್, ಒಪ್ಕೊಂಡೆ.

ಥರ್ಡ್_ಇಯರ್_ಹುಡುಗಿ:
ಸೋಮವಾರದ ಅಪ್ಡೇಟ್. ಲೀಡ್ಸ್ ಅಕ್ಕ ಹೇಳಿದ್ದು ನಿಜ, ಆರ್‌ಆರ್ ಬೇಕು ಅಂತಲೇ ಬಿಟ್ಟಿದ್ರಂತೆ, ಇಡೀ ಕ್ಲಾಸಲ್ಲಿ ಯಾರು ಕೇಳಿದ್ರಿ ಅಂದ್ರು, ನಾನು ಮತ್ತೆ ನನ್ನ ರೂಮ್‌ಮೇಟ್ ಕೈ ಎತ್ತಿದ್ವಿ (ಇಲ್ಲಿಂದ ತಿಳ್ಕೊಂಡಿದ್ದು ಅಂತಲೂ ಹೇಳಿದ್ವಿ, ಮೇಡಂ ನಕ್ಕರು). 14ಕ್ಕೆ ಒಬ್ಬರು 11ಕ್ಕೆ ಒಬ್ಬರು ಅಂತ ಬರ್ದಿದ್ದಕ್ಕೆ ಸರಿ ಅಂದ್ರು. ಆಮೇಲೆ ಒಂದು ಪ್ರಶ್ನೆ ಕೇಳಿದ್ರು, ಯಾರಿಗೂ ಉತ್ತರ ಬರ್ಲಿಲ್ಲ. ಡಾಕ್ಟರ್ ಬಂದ್ರು, ಫ್ಲೂಯಿಡ್ ಶುರು ಮಾಡಿದ್ರು, ಐಸಿಯುನಲ್ಲಿ ಬೆಡ್ ಖಾಲಿ ಇಲ್ಲ, ಹುಡುಗ ವಾರ್ಡಲ್ಲೇ ಇದಾನೆ. ಈಗ ನೀನು ಏನು ನೋಡ್ತೀಯ, ಎಷ್ಟು ಹೊತ್ತಿಗೊಮ್ಮೆ ನೋಡ್ತೀಯ, ಯಾವಾಗ ಮತ್ತೆ ಕರೀತೀಯ?

ಪಿಜಿ_ಮೆಡಿಸಿನ್:
ನಿಮ್ಮ ಮೇಡಂಗೆ ನನ್ನ ಕಡೆಯಿಂದ ನಮಸ್ಕಾರ ತಿಳಿಸಿ.

ಶಾಕ್ ಇರುವಾಗ 15ರಿಂದ 30 ನಿಮಿಷಕ್ಕೊಮ್ಮೆ ಬಿಪಿ, ಪಲ್ಸ್, ಆರ್‌ಆರ್, ಕೈಕಾಲು. ಶಾಕ್‌ನಿಂದ ಹೊರಗೆ ಬಂದ್ಮೇಲೆ ಗಂಟೆಗೊಮ್ಮೆ, ಆಮೇಲೆ ನಿಧಾನಕ್ಕೆ ಅಂತರ ಜಾಸ್ತಿ ಮಾಡೋದು. ಪ್ರತಿ ಸಲ ಕಳೆದು ಪಲ್ಸ್ ಪ್ರೆಷರ್‌ನೂ ಚಾರ್ಟ್‌ನಲ್ಲಿ ಬರೀರಿ, ಬರೀ ಬಿಪಿ ಅಲ್ಲ. ಮೊದಲ ಗಂಟೆ ಫ್ಲೂಯಿಡ್ ಆದ್ಮೇಲೆ ಪಿಸಿವಿ ಮತ್ತೆ ಕಳಿಸ್ಬೇಕು.

ನೈಟ್‌ಡ್ಯೂಟಿ_ನಾಗವೇಣಿ:
ಡ್ರಿಪ್ ಲೆಕ್ಕ ನೀನೇ ಹಾಕು, ಯಾರೋ ಹಾಕಿದ್ದು ಅಂತ ಬಿಡ್ಬೇಡ. ಹುಡುಗ 60 ಕೆಜಿ, ಡಾಕ್ಟರ್ ಗಂಟೆಗೆ ಕೆಜಿಗೆ 5 ಎಂಎಲ್ ಅಂತ ಬರೆದ್ರೆ ಗಂಟೆಗೆ 300. ಸೆಟ್ ಪ್ಯಾಕೆಟ್ ಮೇಲೆ ಒಂದು ಎಂಎಲ್‌ಗೆ 20 ಡ್ರಾಪ್ಸ್ ಅಂತ ಇದ್ರೆ ನಿಮಿಷಕ್ಕೆ 100 ಹನಿ. ಅವನು ಕೈ ಮಡಚಿದ್ರೆ ನಿಲ್ಲುತ್ತೆ, ಬಾತ್‌ರೂಮ್‌ಗೆ ಹೋಗಿ ಬಂದ್ರೆ ಯಾರೋ ಪೂರ್ತಿ ಬಿಟ್ಟಿರ್ತಾರೆ. ಎರಡೂ ಅಪಾಯ. ಒಂದೆರಡು ದಿನ ಆದ್ಮೇಲೆ ಸೋರಿದ ನೀರೆಲ್ಲ ವಾಪಸ್ ರಕ್ತಕ್ಕೆ ಬರೋಕೆ ಶುರುವಾಗುತ್ತೆ, ಆಗಲೂ ಅದೇ ಸ್ಪೀಡ್‌ನಲ್ಲಿ ಡ್ರಿಪ್ ಹೋಗ್ತಿದ್ರೆ ಶ್ವಾಸಕೋಶದಲ್ಲಿ ನೀರು. ಮಲಗೋಕೆ ಆಗ್ತಿಲ್ಲ ಸಿಸ್ಟರ್, ಕೂತ್ರೆ ಪರವಾಗಿಲ್ಲ ಅಂತಾನೆ, ಕೆಮ್ಮು ಬರುತ್ತೆ, ಆರ್‌ಆರ್ ಏರುತ್ತೆ. ಆಗ ಡ್ರಿಪ್ ನಿಧಾನ ಮಾಡಿ ಮೊದಲು ಫೋನ್.

ಹಾವೇರಿ_ಬ್ರದರ್:
ಮತ್ತ ಡ್ರಿಪ್ ನಿಲ್ಲಸ್ರಿ ಅಂತ ಡಾಕ್ಟ್ರು ಹೇಳಿದ ಮ್ಯಾಲ ಮನಿಯವ್ರು ಬಂದು ಬಾಟ್ಲಿ ಯಾಕ ತಗದ್ರಿ, ಇನ್ನೊಂದು ಹಾಕ್ರಿ ಅಂತ ಗಂಟು ಬೀಳ್ತಾರ, ಅದಕ್ಕೂ ಒಂದು ಉತ್ತರ ತಯಾರ್ ಮಾಡ್ಕೊಂಡು ಇಟ್ಕೋ ತಂಗಿ.

ಥರ್ಡ್_ಇಯರ್_ಹುಡುಗಿ:
ಬರ್ಕೊಂಡೆ ಬ್ರದರ್. ಬುಧವಾರದಿಂದ ನಮ್ಮ ಬ್ಯಾಚ್‌ಗೆ ಮೆಡಿಕಲ್ ವಾರ್ಡ್ ಪೋಸ್ಟಿಂಗ್. ಸೆಕೆಂಡ್ಸ್ ಮುಳ್ಳಿರೋ ವಾಚ್ ಒಂದು ತಗೋಬೇಕು, ಮೊಬೈಲ್ ಒಳಗೆ ಬಿಡಲ್ಲ. ಕಡಿಮೆ ರೇಟಲ್ಲಿ ಒಳ್ಳೇದು ಯಾವುದಿದೆ ಹೇಳಿ ಯಾರಾದ್ರೂ.